ತೀರ್ಪು ಬಾರದ ಸಿನಿಮಾ

ನ್ಯಾಯಾಧೀಶರು ಕನ್ನಡಕ ಸರಿಪಡಿಸಿಕೊಂಡು ತೀರ್ಪು ಓದಲು ಬಾಯಿ ತೆರೆದರು. ಅಷ್ಟರಲ್ಲೇ ತೆರೆಯ ಮೇಲೆ ‘ಶುಭಂ’ ಸ್ಲೈಡ್ ಬಂದು, ಅರಸೀಕೆರೆಯ ಆ ಟಾಕೀಸಿನ ದೀಪಗಳು ಹತ್ತಿಕೊಂಡವು! ಮಂತ್ರಿಯ ಮಾತಿಗೆ ಸೊಪ್ಪು ಹಾಕದೆ ಸಸ್ಪೆಂಡ್ ಆದ ಅಧಿಕಾರಿಯೊಬ್ಬರ ನಿಜಕಥೆ ಅದು. ತಾಲ್ಲೂಕು ಕಚೇರಿಯಲ್ಲಿದ್ದ ನನ್ನ ಅಪ್ಪನೂ ದೊಡ್ಡವರೊಬ್ಬರ ಹೆಸರಿಗೆ ಗೋಮಾಳ ಮಾಡಿಕೊಡಲು ಒಪ್ಪದೆ ಸಸ್ಪೆಂಡ್ ಆಗಿ, ಕೋರ್ಟಿಗೆ ಅಲೆದಲೆದು, ತೀರ್ಪು ಕಾಣುವ ಮೊದಲೇ ನಿವೃತ್ತರಾದವರು. ಅದಕ್ಕೇ ಅವರನ್ನು ಬಲವಂತ ಮಾಡಿ ಕರೆತಂದಿದ್ದೆ. ಸಿನಿಮಾ ಉದ್ದಕ್ಕೂ ಅವರು ಬೆನ್ನು ಒರಗಿಸದೆ ಕೂತಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ನೇರವಾಗಿ ಮ್ಯಾನೇಜರ್ ಬಳಿ ಹೋಗಿ ಕೇಳಿದೆ.

“ಸಾಯಂಕಾಲದ ಪ್ಯಾಸೆಂಜರ್ ಗಾಡಿಗೆ ಜನ ಮಧ್ಯದಲ್ಲೇ ಎದ್ದೋಗ್ತಾರೆ ಸಾರ್. ಅದಕ್ಕೆ ಮ್ಯಾಟ್ನಿಲಿ ಕೊನೇ ರೀಲು ಹಾಕಲ್ಲ” ಎಂದ ಆತ, ತಣ್ಣಗೆ.

“ಕತ್ತರಿಸೋಕೆ ತೀರ್ಪೇ ಬೇಕಿತ್ತೇನ್ರೀ? ಒಂದೆರಡು ಹಾಡು ತೆಗೀಬಾರ್ದಿತ್ತಾ?”

“ಹಾಡು ತೆಗದ್ರೆ ಸೀಟು ಹರಿದಾಕ್ತಾರೆ ಸಾರ್. ಇದು ನಿಜವಾಗ್ಲೂ ನಡೆದಿದ್ದು ತಾನೇ? ಕೊನೇಲಿ ಏನಾಯ್ತು ಅಂತ ಎಲ್ರಿಗೂ ಗೊತ್ತೇ ಐತೆ!”

ಪಕ್ಕದಲ್ಲೇ ನಿಂತಿದ್ದ ಅಪ್ಪ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದರು.

ಕೆಲವು ವರ್ಷಗಳ ಬಳಿಕ ಅದೇ ಸಿನಿಮಾ ಟಿವಿಯಲ್ಲಿ ಬಂತು. ಈ ಸಲ ತೀರ್ಪು ಓದಿದರು, ಅಧಿಕಾರಿ ಗೆದ್ದರು, ಕೋರ್ಟಿನ ತುಂಬ ಚಪ್ಪಾಳೆ. ನಾನು ಖುಷಿಯಿಂದ ತಿರುಗಿ ನೋಡಿದರೆ, ಅಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಏಳುತ್ತಿದ್ದರು. “ಆ ಟಾಕೀಸಿನೋನೇ ಸರಿಯಾಗಿ ತೋರ್ಸಿದ್ದ ಕಣೋ” ಎಂದರು.