ಇಂಗ್ಲಿಷಿನಲ್ಲಿ ಹೇಳಬೇಕಿದ್ದ ತಪ್ಪು

ಗೋರೆಗಾಂವ್‌ನ ಒಂದು ಲ್ಯಾಬಿನಲ್ಲಿ ನನ್ನದು ಕಂಪ್ಯೂಟರ್ ಮುಂದೆ ಕೂತು ಊಹೆ ಮಾಡುವ ಕೆಲಸ. ವೈರಸ್ಸಿನ ಪ್ರೋಟೀನು ನಮ್ಮ ಜೀವಕೋಶದೊಳಗೆ ಚೂರುಚೂರಾಗುತ್ತದೆ. ಆ ಚೂರುಗಳಿಗೆ ಪೆಪ್ಟೈಡ್ ಎನ್ನುತ್ತಾರೆ. ಅವನ್ನು ಹಿಡಿದು ರಕ್ಷಣಾ ಕೋಶಗಳಿಗೆ ತೋರಿಸುವ ಅಣುಗಳು ಕೋಶದ ಮೈಮೇಲಿರುತ್ತವೆ. ಯಾವ ಚೂರು ಯಾವ ಅಣುವಿಗೆ ಅಂಟೀತು ಎಂದು ಪ್ರೋಗ್ರಾಂ ಅಂಕ ಕೊಡುತ್ತದೆ. ತೊಡಕೆಂದರೆ, ಆ ಅಣು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಅವ್ವನ ಬಳೆ ಅತ್ತಿಗೆಯ ಕೈಗೆ ಏರಬೇಕೆಂದಿಲ್ಲ, ಹಾಗೆ.

ನಾನು ಆರಿಸಿದ ಚೂರುಗಳನ್ನು ನಿಜವಾದ ರಕ್ತದ ಕೋಶಗಳ ಮೇಲೆ ಪರೀಕ್ಷಿಸುತ್ತಿದ್ದವರು ವಿಜಯಪುರ ಕಡೆಯ ಒಬ್ಬ ಹೆಂಗಸು. ಮುಲುಂಡ್‌ನಿಂದ ಹೊರಟು, ದಾದರ್‌ನಲ್ಲಿ ಲೋಕಲ್ ರೈಲು ಬದಲಿಸಿ ಬರುತ್ತಿದ್ದರು. ಲ್ಯಾಬಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ನನಗೆ ಅವರು ಅಕ್ಕ, ಅವರಿಗೆ ನಾನು ತಮ್ಮ. ಅವರ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ನನ್ನದು ಎಂಬುದು ಕಾಯಿದೆಯೇ ಆಗಿಬಿಟ್ಟಿತ್ತು.

ಮೂರು ಸಲ ಪರೀಕ್ಷಿಸಿದರೂ ನಾನು ಆರಿಸಿದ ಯಾವ ಚೂರಿಗೂ ಕೋಶಗಳು ಸ್ಪಂದಿಸಲಿಲ್ಲ. ಸೋಮವಾರದ ಮೀಟಿಂಗಿನಲ್ಲಿ ಲ್ಯಾಬಿನ ಮುಖ್ಯಸ್ಥರಾದ ಸಾಹೇಬರು ಯಾಕೆಂದು ಕೇಳಿದಾಗ ನಾನು ಎಲ್ಲರೆದುರು, ಇಂಗ್ಲಿಷಿನಲ್ಲಿ, ಊಹೆ ಸರಿಯಾಗಿಯೇ ಇದೆ, ಪರೀಕ್ಷೆಯ ಕೈಕೆಲಸದಲ್ಲಿ ಏನೋ ಹೆಚ್ಚುಕಡಿಮೆ ಆಗಿರಬೇಕು ಎಂದೆ. ನನ್ನ ಊಹೆಯ ಫೈಲನ್ನು ಮತ್ತೆ ತೆರೆದು ನೋಡಿಯೂ ಇರಲಿಲ್ಲ, ಅಷ್ಟು ಸೊಕ್ಕು. ಅಕ್ಕ ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು. ಅವರ ಕಾಂಟ್ರ್ಯಾಕ್ಟು ಆ ಶನಿವಾರ ಮುಗಿಯಲಿತ್ತು. ಮುಂದುವರಿಸುವುದು ಸಾಹೇಬರ ಕೈಯಲ್ಲಿತ್ತು. ಅದು ನನಗೆ ಗೊತ್ತಿತ್ತು.

ಗುರುವಾರ ಫೈಲು ತೆರೆದೆ. ರಕ್ತ ಕೊಟ್ಟವರ ಅಣು ಯಾವ ಬಗೆಯದೆಂದು ವರದಿಯಲ್ಲಿ ಸ್ಪಷ್ಟವಾಗಿತ್ತು. ಪ್ರೋಗ್ರಾಮಿನ ಪಟ್ಟಿಯಲ್ಲಿ ನಾನು ಅದನ್ನು ಆರಿಸಿಯೇ ಇರಲಿಲ್ಲ. ತಾನಾಗಿ ತುಂಬಿಕೊಂಡು ಬರುವ ಮೊದಲನೆಯ ಬಗೆಯನ್ನೇ ಹಾಗೇ ಬಿಟ್ಟಿದ್ದೆ. ಇನ್ಯಾರದೋ ಕೈಯ ಅಳತೆಗೆ ಬಳೆ ತಂದು, ತೊಡಿಸಲು ಬರಲಿಲ್ಲವೆಂದು ಅಕ್ಕನನ್ನು ದೂರಿದ್ದೆ.

ಊಟದ ಹೊತ್ತಿಗೆ ಹೇಳಿದೆ. "ಅಕ್ಕಾ, ತಪ್ಪು ನಂದೈತ್ರಿ. ನಿಮ್ಮ ಕೆಲಸ ಬರೋಬ್ಬರಿ ಇತ್ತು."

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ನನ್ನ ಮ್ಯಾಲ ಹಾಕಿದ್ದು ಇಂಗ್ಲಿಷ್‌ನ್ಯಾಗ, ಎಲ್ಲಾರ ಮುಂದ. ತಪ್ಪಾತು ಅನ್ನೂದು ಕನ್ನಡದಾಗ, ನನ್ನೊಬ್ಬಾಕಿ ಮುಂದ. ಹೌದಲ್ಲೋ ತಮ್ಮಾ?"

"ಸೋಮವಾರ ಮೀಟಿಂಗ್‌ನ್ಯಾಗ ಹೇಳ್ತೀನ್ರಿ."

"ಸಾಹೇಬ್ರ ಕ್ಯಾಬಿನ್ ಇಲ್ಲೇ ಐತಲ್ಲ. ಸೋಮವಾರ ನಾ ಎಲ್ಲಿರ್ತೀನೋ."

ಅಂದರೂ ಅರ್ಧ ರೊಟ್ಟಿಯನ್ನು ನನ್ನ ಕಡೆ ಸರಿಸಿದರು. ನಾನು ತಿಂದೆ. ಎದ್ದು ಹತ್ತು ಹೆಜ್ಜೆ ನಡೆದಿದ್ದರೆ ಸಾಹೇಬರ ಬಾಗಿಲು. ಅಂದು ಹೋಗಲಿಲ್ಲ, ಶುಕ್ರವಾರವೂ ಹೋಗಲಿಲ್ಲ. ಅಂಕಗಳನ್ನು ಹೊಸದಾಗಿ ತೆಗೆದು, ಮೀಟಿಂಗಿಗೆ ಸ್ಲೈಡು ಮಾಡಿ, ಪಕ್ಕಾ ಆದಮೇಲೆ ಹೇಳೋಣ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಿಜವೆಂದರೆ ಹೆದರಿದ್ದೆ. ಕಾಂಟ್ರ್ಯಾಕ್ಟು ಮುಂದುವರಿಯಲಿಲ್ಲ, ಶನಿವಾರ ಅಕ್ಕ ಐಡಿ ಕಾರ್ಡು ಒಪ್ಪಿಸಿ ಹೋದರು.

ಸೋಮವಾರ ಎಲ್ಲರೆದುರು, ಇಂಗ್ಲಿಷಿನಲ್ಲಿ, ನಾನು ಆರಿಸಿದ ಬಗೆಯೇ ತಪ್ಪಾಗಿತ್ತು, ಅಕ್ಕನ ಕೈಕೆಲಸ ಸರಿಯಾಗಿತ್ತು ಎಂದೆ. ಸಾಹೇಬರು ಸ್ಲೈಡನ್ನು ದಿಟ್ಟಿಸಿ ನೋಡಿ, ಇಷ್ಟು ಸೂಕ್ಷ್ಮವಾದ ತಪ್ಪನ್ನು ಪತ್ತೆ ಹಚ್ಚಿದ್ದಕ್ಕೆ ನನ್ನನ್ನು ಹೊಗಳಿದರು.

ನಾನು ಥ್ಯಾಂಕ್ಯೂ ಸರ್ ಅಂದೆ.