ಕಾಫಿ ಡಬ್ಬಿಯ ಎರೆಹುಳು

ಬೇಸಿಗೆ ಬಂತೆಂದರೆ ನಮ್ಮ ಮನೆಯ ಫ್ರಿಜ್ಜಿನಲ್ಲಿ ನನಗೆ ತಣ್ಣೀರು ಸಿಗುವುದಿಲ್ಲ. ಬಾಟಲಿಗಳೆಲ್ಲ ನಾನು ಸಾಕಿರುವ ಆಕ್ಸೊಲಾಟಲ್‌ಗೆ ಮೀಸಲು. ತುಮಕೂರಿನ ಬಿಸಿಲಿಗೆ ಗಾಜಿನ ತೊಟ್ಟಿಯ ನೀರು ಬೆಚ್ಚಗಾದರೆ ಅದರ ಜೀವಕ್ಕೇ ಕುತ್ತು. ಹಾಗಾಗಿ ಐಸುಗಟ್ಟಿದ ಬಾಟಲಿಗಳನ್ನು ಸರದಿಯ ಮೇಲೆ ಅದರಲ್ಲಿ ತೇಲಿಬಿಡುತ್ತೇನೆ. ಹೊಸ ಅಳಿಯನಿಗೂ ಇಷ್ಟು ಉಪಚಾರ ನಡೆಯದು ಎಂದು ಹೆಂಡತಿಯ ಗೊಣಗಾಟ.

ಇದು ಮೀನಲ್ಲ, ಹಲ್ಲಿಯೂ ಅಲ್ಲ. ಮೆಕ್ಸಿಕೋದ ಕೆರೆಗಳ ಮೂಲದ, ಕಪ್ಪೆಯ ದೂರದ ನೆಂಟ. ಗೊದಮೊಟ್ಟೆ ಬೆಳೆದು ದಡ ಹತ್ತುವುದು ಲೋಕರೂಢಿ. ಇದು ಮಾತ್ರ ಕಿವಿರುಗಳನ್ನು ಜುಟ್ಟಿನಂತೆ ಹೊರಗಿಟ್ಟುಕೊಂಡು, ಮರಿಯ ರೂಪದಲ್ಲೇ ಮುದಿಯಾಗುತ್ತದೆ. ಕಾಲು ತುಂಡಾದರೆ ಹೊಸದು ಚಿಗುರಿಸಿಕೊಳ್ಳುತ್ತದೆ. ದೊಡ್ಡದಾಗುವುದೊಂದು ಬಿಟ್ಟು ಮಿಕ್ಕ ವಿದ್ಯೆಗಳೆಲ್ಲ ಅದಕ್ಕೆ ಬರುತ್ತವೆ.

ತೊಡಕಿದ್ದದ್ದು ಊಟದಲ್ಲಿ. ಅದಕ್ಕೆ ಎರೆಹುಳು ಬೇಕು. ನಮ್ಮದೋ ಮೊಟ್ಟೆಯೂ ಹೊಸ್ತಿಲು ದಾಟದ ಮನೆ. ಅಮ್ಮ ಲಿಂಗಪೂಜೆಯಾಗದೆ ತೊಟ್ಟು ನೀರನ್ನೂ ಬಾಯಿಗೆ ಹಾಕುವವಳಲ್ಲ. ಒಳಗೆ ಒಂದು ಹುಳ ಕಂಡರೂ ಈ ಪ್ರಾಣಿಯನ್ನು ತಂದಲ್ಲಿಗೇ ಬಿಟ್ಟು ಬರಬೇಕೆಂದು ಮೊದಲ ದಿನವೇ ಹೇಳಿಬಿಟ್ಟಿದ್ದಳು. ಅಂಗಡಿಯ ಒಣ ಆಹಾರವನ್ನು ಅದು ಬಾಯಿಗೆ ತೆಗೆದುಕೊಂಡು ಉಗುಳಿತು. ಅದನ್ನು ಕಳಿಸಲು ನನಗೆ ಮನಸ್ಸಿಲ್ಲ. ಹತ್ತಿರದ ಕೋರ ಎಂಬ ಹಳ್ಳಿಯ ಗೆಳೆಯನ ಗೊಬ್ಬರದ ಗುಂಡಿಯಿಂದ ಹುಳು ತಂದು, ಹಳೇ ಕಾಫಿ ಡಬ್ಬಿಯಲ್ಲಿ ತುಂಬಿ, ಸ್ಕೂಟರ್ ಶೆಡ್ಡಿನಲ್ಲಿ ಬಚ್ಚಿಟ್ಟೆ. ಅಮ್ಮ ಪೂಜೆಗೆ ಕೂತಾಗ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಉಣಿಸುತ್ತಿದ್ದೆ. ಐವತ್ತು ದಾಟಿದ ಮೇಲೆ ಬಂದ ಯೋಗ ಇದು.

ಮೊನ್ನೆ ನಾನೂ ಹೆಂಡತಿಯೂ ನೆಂಟರ ಮದುವೆಗೆಂದು ಕುಣಿಗಲ್ಲಿಗೆ ಹೋದೆವು. ಐಸ್ ಬಾಟಲಿ ಬದಲಾಯಿಸುವುದನ್ನು ಅಮ್ಮನಿಗೆ ಹೇಳಿಕೊಟ್ಟಿದ್ದೆ; ಡಬ್ಬಿಯ ಸುದ್ದಿ ಎತ್ತಿರಲಿಲ್ಲ. ಮರುದಿನ ಅವಳೇ ಫೋನ್ ಮಾಡಿ, ಅದಕ್ಕೆ ತಿನ್ನಲು ಏನು ಕೊಡಲಿ ಎಂದು ಕೇಳಿದಳು. ಏನೂ ಬೇಡ, ಎರಡು ದಿನ ತಡೆಯುತ್ತದೆ ಎಂದೆ.

“ಗಾಜಿನ ಹತ್ರ ಬಂದು ನನ್ನನ್ನೇ ನೋಡ್ತೈತೆ ಕಣಪ್ಪ. ಮನೇಲಿ ಒಂದು ಜೀವ ಹಸ್ಕೊಂಡಿದ್ರೆ ನಂಗೆ ತುತ್ತು ಹೆಂಗೆ ಇಳಿಯುತ್ತೆ?” ಎಂದಳು. ಆಮೇಲೆ ದನಿ ತಗ್ಗಿಸಿ, “ಶೆಡ್ಡಲ್ಲಿರೋ ಕಾಫಿ ಡಬ್ಬಿಯಿಂದ ಎಷ್ಟು ತೆಗೆದು ಹಾಕ್ಲಿ, ಅಷ್ಟು ಹೇಳು ಸಾಕು” ಎಂದಳು.

ಎರಡು ಸಾಕಮ್ಮ ಎಂದೆ.

ಹುಳಗಳಿಗೆ ಕೈ ಮುಗಿದು, ಕಣ್ಣು ಮುಚ್ಚಿಕೊಂಡು ಹಾಕಿ, ಮತ್ತೊಮ್ಮೆ ಸ್ನಾನ ಮಾಡಿ, ಆಮೇಲೆ ತಾನು ಉಂಡಳಂತೆ. ನಾನು ಮರಳಿ ಬಂದು ಚಪ್ಪಲಿ ಬಿಡುವಷ್ಟರಲ್ಲೇ, “ಅದು ಉಂಡೈತೆ. ನೀನು ಸರಿಯಾಗಿ ಉಂಡ್ಯೇನಪ್ಪ?” ಎಂದಳು.

ಮದುವೆಯೂಟ ಇನ್ನೂ ಗಂಟಲಲ್ಲೇ ಇತ್ತು. ಆದರೂ ಇಲ್ಲವೆಂದು ತಲೆಯಾಡಿಸಿ ತಟ್ಟೆಯ ಮುಂದೆ ಕೂತೆ. ಗಾಜಿನಾಚೆಯಿಂದ, ದೊಡ್ಡದಾಗದ ಇನ್ನೊಂದು ಪ್ರಾಣಿ ನನ್ನನ್ನೇ ನೋಡುತ್ತಿತ್ತು.