ಬೀಗ ಎಳೆದು ನೋಡುವ ಚಟ

ಬೀಗ ಹಾಕಿದ ಮೇಲೆ ಅದನ್ನೊಮ್ಮೆ ಎಳೆದು ನೋಡುವುದು ಲೋಕರೂಢಿ. ಎಳೆದು, ಮೆಟ್ಟಿಲಿಳಿದು, ಎಳೆದದ್ದು ನಿಜವೇ ಎಂಬ ಶಂಕೆಯಿಂದ ಮತ್ತೆ ಹತ್ತಿ ಬಂದು ಎಳೆಯುವುದು ನನ್ನ ಖಾಸಗಿ ಸಾಧನೆ. ರೈಲ್ವೆಯ ವರ್ಗಾವಣೆಯಲ್ಲಿ ನನ್ನನ್ನು ಹುಬ್ಬಳ್ಳಿಯಿಂದ ನಾಗಪುರಕ್ಕೆ ಕರೆತಂದ ಯಜಮಾನರು, ಪ್ರತಾಪ ನಗರದ ನಮ್ಮ ಮನೆಯ ಕೆಳಗೆ ಸ್ಕೂಟರ್ ಚಾಲೂ ಮಾಡಿಕೊಂಡು, "ಬಿದ್ದೈತಿ ಬಾ, ಎಷ್ಟ್ ಸಲ ಎಳೀತಿ ಅದನ್ನ!" ಎಂದು ಕೂಗುತ್ತಾರೆ. ನಾನು ನಂಬುವುದಿಲ್ಲ. ಕೆಳಗೆ ನಿಂತವರಿಗೆ ಮೇಲಿನ ಬೀಗ ಹೇಗೆ ಕಂಡೀತು, ನೀವೇ ಹೇಳಿ.

ಈ ಸಂಶಯಬುದ್ಧಿ ಮನೆಯಲ್ಲಿ ಎಷ್ಟೇ ಅಪಹಾಸ್ಯಕ್ಕೀಡಾದರೂ, ಧರಮಪೇಠದ ಶಾಲೆಯೊಂದರಲ್ಲಿ ಗಣಿತ ಕಲಿಸುವ ನನಗೆ ಅದೇ ಬಂಡವಾಳ. ಅರ್ಥವಾಯಿತೇ ಎಂದು ಕೇಳಿದಾಗ "ಯೆಸ್ ಮಿಸ್" ಎನ್ನುವ ಮಕ್ಕಳನ್ನು ನಂಬುವಷ್ಟು ಮುಗ್ಧಳಲ್ಲ ನಾನು. ಅದಕ್ಕಾಗಿಯೇ ಆಗಾಗ ಬೋರ್ಡಿನ ಮೇಲೆ ಬೇಕೆಂದೇ ಒಂದು ತಪ್ಪು ಮಾಡುತ್ತಿದ್ದೆ. ಸಮೀಕರಣದ ಆಚೆ ಬದಿಗೆ ದಾಟಿದ ಸಂಖ್ಯೆಯ ಚಿಹ್ನೆ ಬದಲಿಸದೆ ಬಿಟ್ಟರೆ ಸಾಕು, ತಪ್ಪಾಯಿತೆಂದು ಇಡೀ ತರಗತಿ ಮರಾಠಿಯಲ್ಲಿ "ಮಿಸ್, ಚುಕ್ಲಂ!" ಎಂದು ಹರ್ಷೋದ್ಗಾರ ಮಾಡುತ್ತಿತ್ತು. ಆ ಗದ್ದಲ ಕಿವಿಗೆ ಬಿದ್ದರೆ ಪಾಠ ತಲೆಗೆ ಹತ್ತಿದೆಯೆಂದು ನನಗೆ ಖಾತ್ರಿ.

ಅಷ್ಟರಲ್ಲಿ ಲಾಕ್‌ಡೌನ್ ಬಂದು ಶಾಲೆಗೇ ಬೀಗ ಬಿತ್ತು. ಊಟದ ಮೇಜಿನ ಮೇಲೆ ಬೇಳೆಯ ಡಬ್ಬಿಗೆ ಆನಿಸಿ ನಿಲ್ಲಿಸಿದ ಮೊಬೈಲು ಪಾಠದ ನಡುವೆ ಸಾಷ್ಟಾಂಗ ಬೀಳುತ್ತಿತ್ತು. ನೆಟ್ ಉಳಿಸಲು ಕ್ಯಾಮೆರಾ ಮುಚ್ಚಿಕೊಂಡ ಮಕ್ಕಳು ಕಪ್ಪು ಚೌಕಗಳಾಗಿದ್ದರು. ಚೌಕದ ಹಿಂದೆ ಮಗುವಿದೆಯೋ, ಬರೀ ಹೆಸರಿದೆಯೋ? ಒಂದು ದಿನ ಹಳೆಯ ತಂತ್ರ ಹೂಡಿ, ಚಿಹ್ನೆ ಬದಲಿಸದೆ ಬಿಟ್ಟು, ಕಾದೆ. ಒಂದು ಕೆಮ್ಮೂ ಇಲ್ಲ. ಅರ್ಥವಾಯಿತೇ ಎಂದರೆ ಸಾಲುಸಾಲಾಗಿ "ಯೆಸ್ ಮಿಸ್" ಎಂದು ಟೈಪಾಗಿ ಬಂತು. ಮರುದಿನವೂ ಅದೇ ಮೌನ.

ಮಕ್ಕಳ ಮೇಲಿದ್ದ ಅನುಮಾನ ಆಗ ಮೆಲ್ಲಗೆ ನನ್ನತ್ತಲೇ ತಿರುಗಿತು. ಇಷ್ಟು ವರ್ಷ ನಾನು ಕಲಿಸಿದ್ದೆನೋ, ಅಥವಾ ಮುಖಗಳನ್ನು ನೋಡಿಕೊಂಡು ಹೇಗೋ ಕಾಲ ತಳ್ಳಿದ್ದೆನೋ? ನಾಳೆಯೇ ಹೆಡ್ ಮೇಡಂಗೆ ಫೋನ್ ಮಾಡಿ ಕೆಲಸ ಬಿಡುತ್ತೇನೆಂದು ಯಜಮಾನರಿಗೆ ಹೇಳಿಯೂ ಬಿಟ್ಟೆ. ಅವರು ನಗಲಿಲ್ಲ, ಅದೇ ಹೆಚ್ಚು ಹೆದರಿಸಿತು.

ಆ ಸಂಜೆ ಕೆಳಗಿನ ಮನೆಯ ಸಾನ್ವಿ, ನಮ್ಮ ಕಡೆಯವರ ಮಗಳು, ನನ್ನ ತರಗತಿಯವಳೇ, ಚಕ್ಕುಲಿಯ ಡಬ್ಬಿ ಹಿಂದಿರುಗಿಸಲು ಬಂದಳು. ಹೊಸಿಲಲ್ಲೇ ನಿಲ್ಲಿಸಿ ವಿಚಾರಣೆ ಶುರುಮಾಡಿದೆ. ತಪ್ಪು ಕಾಣಲಿಲ್ಲವೇ?

"ಬರೋಬರ್ ಕಂಡಿತ್ರಿ ಮಿಸ್. ಆದ್ರ ನೀವು ಮೊದ್ಲೇ ಭಾಳ ಘಾಬರಿ ಆಗಿದ್ರಿ, ಮೊಬೈಲ್ ಬ್ಯಾರೆ ಬೀಳ್ತಿತ್ತು. ಮಿಸ್‌ಗೆ ಯಾರೂ ಚುಕ್ಲಂ ಅನಬ್ಯಾಡ್ರಿ ಅಂತ ನಮ್ ಗ್ರೂಪ್‌ನಾಗ ಠರಾವ್ ಆತ್ರಿ."

ನಾನು ಅವರನ್ನು ಪರೀಕ್ಷಿಸುತ್ತ ಕುಳಿತಿದ್ದಾಗ ಅವರೆಲ್ಲ ಸೇರಿ ನನ್ನನ್ನು ಕಾಪಾಡುತ್ತಿದ್ದರು! ನಾಚಿಕೆಯಾಯಿತು, ಕಣ್ಣೂ ತುಂಬಿತು. "ನಾಳಿಂದ ಅನ್ರಿ, ಜೋರಾಗೇ ಅನ್ರಿ" ಎಂದೆ.

ಮರುದಿನ ಯಾವ ತಂತ್ರವನ್ನೂ ಹೂಡದೆ, ನೆಟ್ಟಗೆ ಲೆಕ್ಕ ಬಿಡಿಸುತ್ತಿದ್ದೆ. ಕಪ್ಪು ಚೌಕಗಳೆಲ್ಲ ಒಮ್ಮೆಲೇ "ಮಿಸ್, ಚುಕ್ಲಂ!" ಎಂದು ಕಿರುಚಿದವು. ನೋಡಿದರೆ ನಿಜಕ್ಕೂ ತಪ್ಪಾಗಿತ್ತು. ತಪ್ಪು ಮಾಡಿ ಅಷ್ಟು ಸಂತೋಷಪಟ್ಟದ್ದು ನನ್ನ ಜನ್ಮದಲ್ಲೇ ಇಲ್ಲ. ಹೆಡ್ ಮೇಡಂಗೆ ಫೋನ್ ಹೋಗಲಿಲ್ಲ.

ಶಾಲೆ ಮತ್ತೆ ತೆರೆದ ದಿನ ಬೀಗ ಹಾಕಿ ಇಳಿದವಳು, ವಾಡಿಕೆಯಂತೆ ಅರ್ಧಕ್ಕೇ ತಿರುಗಿದೆ. ಕೆಳಗೆ ಶಾಲೆಗೆ ಹೊರಟು ನಿಂತಿದ್ದ ಸಾನ್ವಿ ದಡದಡ ಮೇಲೆ ಓಡಿದಳು. "ಎಳದ್ ನೋಡೀನ್ರಿ ಮಿಸ್, ಬರೋಬರ್ ಐತಿ, ಜಲ್ದಿ ನಡೀರಿ!" ಸ್ಕೂಟರ್ ಹತ್ತಿದೆ. ಬಜಾಜ್ ನಗರ ದಾಟುವಾಗ ಹೊಳೆಯಿತು: ಬೀಗ ಸರಿಯಾಗಿ ಬೀಳದಿದ್ದರೂ, ಮಿಸ್ ಘಾಬರಿಯಾದಾಳೆಂದು ಈ ಹುಡುಗಿ ಬಿದ್ದಿದೆ ಎಂದೇ ಹೇಳುವವಳಲ್ಲವೇ? ಸ್ಕೂಟರ್ ತಿರುಗಿಸಿರೆಂದು ಯಜಮಾನರ ಬೆನ್ನು ತಟ್ಟಲು ಕೈ ಎತ್ತಿದೆ. ಆಮೇಲೆ ಸುಮ್ಮನೆ ಅವರ ಭುಜ ಹಿಡಿದು ಕುಳಿತೆ.